ಕ್ರಿಸ್‌ಮಸ್ ಮರದ ತುದಿಯಿಂದ ಕಡಗೋಲು

ಜರ್ಮನಿಯಲ್ಲಿ ಜನವರಿ 6ರ ಮೂವರು ಅರಸರ ಹಬ್ಬ ಕಳೆಯುತ್ತಿದ್ದಂತೆ ಮನೆಗಳೊಳಗಿನ ಕ್ರಿಸ್‌ಮಸ್ ಮರಗಳು ಹೊರಬೀಳುತ್ತವೆ. ಆ ಮರದ ತುದಿಯನ್ನು ಕತ್ತರಿಸಿಕೊಂಡು ಅಡುಗೆಮನೆಗೆ ‘ಕ್ವಿರ್ಲ್’ ಮಾಡಿಕೊಳ್ಳುವುದು ಇಲ್ಲಿನ ಹಳೆಯ ರೂಢಿ. ಅಂಗೈಗಳ ನಡುವೆ ಹೊಸೆಯುತ್ತ ತಿರುಗಿಸುವ ಆ ಉಪಕರಣ ನಮ್ಮ ಕಡಗೋಲಿನ ಹತ್ತಿರದ ಸಂಬಂಧಿಯೇ ಆದ್ದರಿಂದ, ನಮ್ಮ ಮನೆಯ ಮರದ ತುದಿಯನ್ನು ನಾನು ಎಸೆಯುವುದಿಲ್ಲ.

ಕ್ರಿಸ್‌ಮಸ್ ಮರಗಳಾಗಿ ಬಳಸುವ ಸ್ಪ್ರೂಸ್ ಮತ್ತು ಫರ್ ಮರಗಳಲ್ಲಿ ಒಂದೊಂದು ವರ್ಷದ ಬೆಳವಣಿಗೆ ಮುಗಿಯುವಲ್ಲಿ, ಕಾಂಡದ ಸುತ್ತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಾಲ್ಕೈದು ಕೊಂಬೆಗಳು ಒಡೆಯುತ್ತವೆ. ಈ ಕೊಂಬೆಗಳ ಬುಡ ಕಾಂಡದೊಳಗೇ ಬೇರೂರಿರುವುದರಿಂದ, ತೂತು ಕೊರೆದು ಕೂರಿಸಿದ ಕಡ್ಡಿಗಳಂತೆ ಅವು ಎಂದೂ ಸಡಿಲವಾಗುವುದಿಲ್ಲ. ಬಡಗಿ ಮಾಡಬೇಕಾದ ಬೆಸುಗೆಯನ್ನು ಮರವೇ ಮಾಡಿಟ್ಟಿರುತ್ತದೆ. ಹಿಡಿಯ ಭಾಗ ಹೆಬ್ಬೆರಳಿನಷ್ಟು ದಪ್ಪವಿದ್ದು, ಕೊಂಬೆಗಳು ಸುತ್ತಲೂ ಸಮನಾಗಿ ಹರಡಿರುವ ಸುತ್ತನ್ನು ನಾನು ಆರಿಸುತ್ತೇನೆ. ಆ ಸುತ್ತಿನ ತುಸು ಮೇಲಕ್ಕೆ ಗರಗಸದಿಂದ ಕೊಯ್ದು, ಕೆಳಗೆ ಸುಮಾರು 30 ಸೆಂ.ಮೀ. ಕಾಂಡವನ್ನು ಹಿಡಿಗೆಂದು ಉಳಿಸಿ, ಕೊಂಬೆಗಳನ್ನು ಮೂರು ನಾಲ್ಕು ಸೆಂ.ಮೀ.ಗೆ ಮೊಟಕುಗೊಳಿಸುತ್ತೇನೆ.

ಬೆಚ್ಚಗಿನ ಕೋಣೆಯಲ್ಲಿ ನಿಂತ ಮರದ ತೊಗಟೆ ಕಾಂಡಕ್ಕೆ ಕಚ್ಚಿಕೊಂಡಿರುತ್ತದೆ. ಹಳೆಯ ಪಾತ್ರೆಯೊಂದರಲ್ಲಿ ತುಂಡನ್ನು ಅರ್ಧ ಗಂಟೆ ಕುದಿಸಿ, ಬಿಸಿಯಿರುವಾಗಲೇ ಚಾಕುವಿನ ಬೆನ್ನಿನಿಂದ ಕೆರೆದರೆ ತೊಗಟೆ ಪಟ್ಟಿ ಪಟ್ಟಿಯಾಗಿ ಏಳುತ್ತದೆ. ಕೊಂಬೆ ಕಾಂಡವನ್ನು ಸೇರುವ ಸಂದಿಯಲ್ಲಿ ಮಾತ್ರ ಚಾಕುವಿನ ಮೊನೆಯಿಂದ ತಾಳ್ಮೆಯಿಂದ ಬಿಡಿಸಬೇಕು, ಏಕೆಂದರೆ ಅಲ್ಲಿ ತೊಗಟೆ ಉಳಿದರೆ ಮುಂದೆ ಹಿಟ್ಟು, ಬೇಳೆ ಎಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಸಂದಿಯ ಉಬ್ಬನ್ನು ಮಾತ್ರ ಕೆತ್ತಬಾರದು. ಕೊಂಬೆಯ ಬಲವಿರುವುದು ಅಲ್ಲಿಯೇ.

ನನ್ನ ಆಯ್ಕೆ ನಾರ್ಡ್‌ಮನ್ ಫರ್. ಸ್ಪ್ರೂಸ್ ಕಟ್ಟಿಗೆಯ ಒಳಗೂ ರಾಳದ ನಾಳಗಳಿರುತ್ತವೆ. ಫರ್‌ನಲ್ಲಿ ಸಾಮಾನ್ಯವಾಗಿ ರಾಳವಿರುವುದು ತೊಗಟೆಯಲ್ಲಾದ್ದರಿಂದ ಅದು ತೊಗಟೆಯ ಜೊತೆಗೇ ಹೋಗುತ್ತದೆ. ಕೃತಕ ಹಿಮ ಅಥವಾ ಬಣ್ಣ ಸಿಂಪಡಿಸಿದ ಮರವನ್ನು ಅಡುಗೆಯ ಸಾಮಾನಿಗೆ ನಾನು ಮುಟ್ಟುವುದೇ ಇಲ್ಲ.

ಒಲೆ, ಹೀಟರ್‌ಗಳಿಂದ ದೂರ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಹಿಡಿ ಸೀಳುವುದು ಕಡಿಮೆ. ಒಣಗಿದ ಮೇಲೆ ಉಜ್ಜುಕಾಗದದಿಂದ ನಯಗೊಳಿಸಿ, ತಿನ್ನಲು ಯೋಗ್ಯವಾದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚುತ್ತೇನೆ. ಬಣ್ಣದಂಗಡಿಯ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರಬಹುದಾದ್ದರಿಂದ ಅದು ಬೇಡ. ಎಣ್ಣೆ ಪೂರ್ತಿ ಆರಿದ ಮೇಲೆ ಮಜ್ಜಿಗೆಗೂ ಬೆಂದ ತೊಗರಿಬೇಳೆಗೂ ಇದನ್ನೇ ಬಳಸುತ್ತೇವೆ. ಬಳಸಿದ ಕೂಡಲೇ ತೊಳೆದು, ತಲೆ ಕೆಳಗಾಗಿ ತೂಗುಹಾಕಿದರೆ ಸಂದಿಗಳಲ್ಲಿ ನೀರು ನಿಲ್ಲುವುದಿಲ್ಲ.