ಎಂಜಲು ಬಕೆಟ್ ನೋಡಿ ಹೋಟೆಲ್ ನಡೆಸೋದು

ಬೆಂಗಳೂರಿನಲ್ಲಿ ನನ್ನದೊಂದು ಚಿಕ್ಕ ದರ್ಶಿನಿ ಇದೆ. ಇಡ್ಲಿ, ವಡೆ, ದೋಸೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಂಜೆ ಹೊತ್ತು ಬೋಂಡ, ಪಕೋಡ, ಪಡ್ಡು. ಇಷ್ಟೇ. ಒಂದು ಪ್ಲೇಟಿನಲ್ಲಿ ಉಳಿಯುವ ದುಡ್ಡು ತೀರಾ ಕಡಿಮೆ. ಹಾಗಾಗಿ ಈ ಕಸುಬಿನಲ್ಲಿ ಕೈ ಬಿಗಿ ಇರಲೇಬೇಕು. ಆದರೆ ಎಲ್ಲಿ ಬಿಗಿ ಮಾಡಬೇಕು ಅನ್ನೋದೇ ದೊಡ್ಡ ಪ್ರಶ್ನೆ.

ಲೆಕ್ಕದ ಪುಸ್ತಕ ನಾನು ರಾತ್ರಿ ನೋಡುತ್ತೇನೆ. ಅದಕ್ಕೆ ಮೊದಲು ನೋಡೋದು ತಟ್ಟೆ ತೊಳೆಯುವ ಜಾಗದಲ್ಲಿರುವ ಎಂಜಲು ಬಕೆಟ್. ಬೆಳಗಿನ ರಷ್ ಮುಗಿದ ಮೇಲೆ ಅಲ್ಲಿ ಹೋಗಿ ನಿಲ್ಲುತ್ತೇನೆ. ಇಡ್ಲಿ ಚೂರು ಜಾಸ್ತಿ ಬಿದ್ದಿದ್ದರೆ ಹಿಟ್ಟು ಸರಿಯಾಗಿ ಹುದುಗು ಬಂದಿಲ್ಲ. ಸಾಂಬಾರ್ ತುಂಬಿದ್ದರೆ ಉಪ್ಪಲ್ಲೋ ಹುಳಿಯಲ್ಲೋ ಎಡವಟ್ಟಾಗಿದೆ. ಬಕೆಟ್ ತುಂಬ ಬಿಳಿ ಚಟ್ನಿ ಇದ್ದರೆ ಬಡಿಸುವವನ ಸೌಟು ದೊಡ್ಡದಾಗಿದೆ.

ನನ್ನ ಲೆಕ್ಕ ಇಷ್ಟೇ. ಬಕೆಟ್‌ಗೆ, ಚರಂಡಿಗೆ, ಗಾಳಿಗೆ ಹೋಗೋದನ್ನು ಎಷ್ಟು ಬೇಕಾದರೂ ಹಿಡಿಯಬಹುದು. ಅದರಿಂದ ಯಾರಿಗೂ ನಷ್ಟವಿಲ್ಲ. ಗಿರಾಕಿಯ ತಟ್ಟೆಗೆ, ಕೆಲಸದವರ ಕೈಗೆ ಹೋಗುವುದಕ್ಕೆ ಕತ್ತರಿ ಹಾಕಿದರೆ ಮಾತ್ರ ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅನ್ನೋ ಹೆಸರು ಗ್ಯಾರಂಟಿ.

ಚಟ್ನಿ ವಿಷಯವನ್ನೇ ತೆಗೆದುಕೊಳ್ಳಿ. 2025ರಲ್ಲಿ ತೆಂಗಿನಕಾಯಿ ರೇಟು ಏರಿದಾಗ ಹೋಟೆಲ್‌ನವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಕಾಯಿ ಕಡಿಮೆ ಮಾಡಿ ಹುರಿಗಡಲೆ, ನೀರು ಜಾಸ್ತಿ ಮಾಡೋದು ಸುಲಭದ ದಾರಿ. ಹುರಿಗಡಲೆ ಹಾಕೋದರಲ್ಲಿ ತಪ್ಪೇನಿಲ್ಲ, ಚಟ್ನಿಗೆ ಮೈ ಬರೋದೇ ಅದರಿಂದ. ಅಳತೆ ಮೀರಿದರೆ ಮಾತ್ರ ಚಟ್ನಿ ಗೋಡೆಗೆ ಬಳಿಯುವ ಪುಟ್ಟಿಯ ಹಾಗಾಗುತ್ತದೆ, ಗಂಟಲಲ್ಲಿ ನಿಲ್ಲುತ್ತದೆ. ಇನ್ನು ಕೆಲವರು ಎರಡನೇ ಸಲ ಚಟ್ನಿ ಕೇಳಿದರೆ ಮುಖ ಗಂಟು ಹಾಕಿಕೊಳ್ಳೋಕೆ ಶುರು ಮಾಡಿದರು.

ನಾನು ಸೌಟು ಬದಲಾಯಿಸಿದೆ. ಮೊದಲನೇ ಸಲ ಚಿಕ್ಕ ಸೌಟಿನಲ್ಲಿ ಒಂದು. ಆಮೇಲೆ ಕೇಳಿದಷ್ಟು. "ಏನ್ ಸಾರ್, ಚಟ್ನಿಗೂ ರೇಷನ್ನಾ?" ಅಂತ ಒಂದಿಬ್ಬರು ರೇಗಿಸಿದರು. ಬಡಿಸುವ ಹುಡುಗನಿಗೆ ಹೇಳಿಕೊಟ್ಟಿದ್ದೆ, "ಎಷ್ಟು ಸಲ ಬೇಕಾದ್ರೂ ಕೇಳಿ ಸಾರ್, ಹಾಕ್ತೀನಿ" ಅನ್ನಬೇಕು, ನಗುತ್ತಾ ಅನ್ನಬೇಕು. ಹೆಚ್ಚಿನವರು ಎರಡನೇ ಸಲ ಕೇಳೋದೇ ಇಲ್ಲ. ಕೇಳಿದವರು ಪೂರ್ತಿ ತಿನ್ನುತ್ತಾರೆ. ಬಕೆಟ್‌ನಲ್ಲಿ ಬಿಳಿ ಬಣ್ಣ ಕಡಿಮೆಯಾಯಿತು, ಚಟ್ನಿಯ ರುಚಿಗೆ ಕೈ ಹಚ್ಚುವ ಪ್ರಸಂಗ ಬರಲಿಲ್ಲ. ಕೊತ್ತಂಬರಿ ದಂಟನ್ನೂ ಎಸೆಯಲ್ಲ, ರುಬ್ಬುವಾಗ ಹಾಕುತ್ತೇವೆ. ಘಮ ಎಲೆಗಿಂತ ದಂಟಲ್ಲೇ ಜಾಸ್ತಿ ಅಂತ ನಮ್ಮ ಭಟ್ಟರ ವಾದ.

ಎಣ್ಣೆ ವಿಷಯ ಸ್ವಲ್ಪ ಉದ್ದ ಹೇಳಬೇಕು. ಹೋಟೆಲ್‌ನವನ ಬುದ್ಧಿ ಗೊತ್ತಾಗೋದೇ ಬಾಣಲೆ ಹತ್ತಿರ. ಕಾದು ಕಾದು ಹಳತಾದ ಎಣ್ಣೆ ಕಪ್ಪಗಾಗುತ್ತದೆ, ಅಂಟಂಟಾಗುತ್ತದೆ. ವಡೆ ಬಿಟ್ಟ ಕೂಡಲೇ ನೊರೆ ಏಳುತ್ತದೆ, ಬೇಗ ಹೊಗೆಯಾಡುತ್ತದೆ. ಅದರ ಮೇಲೆ ಒಂದಿಷ್ಟು ಹೊಸ ಎಣ್ಣೆ ಸುರಿದು ಸರಿಹೋಯಿತು ಅನ್ನುವವರಿದ್ದಾರೆ. ಸರಿಹೋಗಲ್ಲ, ಹೊಸದೂ ಅದರ ಜೊತೆ ಕೆಡುತ್ತದೆ. 2018ರ ಜುಲೈ 1ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್, ಅಂದರೆ ಕಾದು ಕಾದು ಎಣ್ಣೆ ಕೆಟ್ಟಾಗ ಹುಟ್ಟುವ ಅಂಶ, ಶೇ. 25 ದಾಟಿದರೆ ಅದರಲ್ಲಿ ಕರಿಯುವಂತಿಲ್ಲ.

ಹಾಗಂತ ಒಳ್ಳೆ ಎಣ್ಣೆಯನ್ನು ದಿನಾ ಚೆಲ್ಲೋಕಾಗುತ್ತಾ? ಅದು ಬೇಗ ಕೆಡದ ಹಾಗೆ ನೋಡಿಕೊಳ್ಳೋದೇ ಉಳಿತಾಯ. ರಷ್ ಇಲ್ಲದ ಹೊತ್ತಲ್ಲಿ ದೊಡ್ಡ ಬಾಣಲೆ ಇಳಿಸಿ ಚಿಕ್ಕದನ್ನು ಇಡುತ್ತೇವೆ. ನಾಲ್ಕು ವಡೆಗೆ ಅಷ್ಟು ಎಣ್ಣೆ ಸುಮ್ನೆ ಯಾಕೆ ಕಾಯಬೇಕು? ಒಂದು ಸುತ್ತು ತೆಗೆದು ಇನ್ನೊಂದು ಸುತ್ತು ಬಿಡುವ ನಡುವೆ ಉರಿ ಸಣ್ಣ ಮಾಡಬೇಕು. ತಳದಲ್ಲಿ ಕೂತ ಕರಿಕನ್ನು ಜಾಲರಿಯಿಂದ ಆಗಾಗ ಎತ್ತಬೇಕು, ಎಣ್ಣೆ ಕೆಡೋದಕ್ಕೆ ಅರ್ಧ ಕಾರಣ ಅದೇ. ಉದ್ದಿನ ಹಿಟ್ಟಿಗೆ ನೀರು ಜಾಸ್ತಿಯಾದರೆ ವಡೆಯೂ ಎಣ್ಣೆ ಕುಡಿಯುತ್ತದೆ, ಎಣ್ಣೆಯೂ ಹಾಳು. ಇಷ್ಟು ನೋಡಿಕೊಂಡರೆ ಮುಚ್ಚುವ ಹೊತ್ತಿಗೆ ಬಾಣಲೆಯಲ್ಲಿ ಉಳಿಯುವುದೇ ಸ್ವಲ್ಪ. ಅದನ್ನು ಬಯೋಡೀಸೆಲ್‌ಗೆ ಒಯ್ಯುವವರಿಗೆ ಕೊಡುತ್ತೇನೆ. ಸಂಜೆ ಹೊತ್ತಿನ ತಿಂಡಿ ಗಾಡಿಗಳಿಗೆ ಬೇಕು, ಇನ್ನೂ ಒಳ್ಳೆ ರೇಟು ಕೊಡ್ತೀವಿ ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ನಾನು ತಿನ್ನದ ಎಣ್ಣೆಯನ್ನು ಪಕ್ಕದ ಬೀದಿಯವರು ತಿನ್ನಲಿ ಅನ್ನೋದು ಯಾವ ಸೀಮೆ ವ್ಯಾಪಾರ?

ಗ್ಯಾಸ್‌ದು ಬೇಗ ಹೇಳಿಬಿಡುತ್ತೇನೆ. ಬೇಳೆ ನೆನೆಸಿ ಬೇಯಿಸಬೇಕು, ಪಾತ್ರೆಗೆ ಮುಚ್ಚಳ ಇರಬೇಕು. ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ ಅಂತ ಅರ್ಥ, ಅವತ್ತೇ ಬಿಚ್ಚಿ ತೊಳೆಯಬೇಕು. ಬೇಸಿಗೆಯಲ್ಲಿ ಉದ್ದು ರುಬ್ಬುವಾಗ ತಣ್ಣೀರು ಹಾಕಿ. ಗ್ರೈಂಡರ್ ಬಿಸಿಗೆ ಹಿಟ್ಟು ಸೋತುಹೋಗುತ್ತದೆ, ತಣ್ಣಗಿದ್ದರೆ ಅದೇ ಉದ್ದಿನಲ್ಲಿ ಹಿಟ್ಟು ಚೆನ್ನಾಗಿ ಉಬ್ಬುತ್ತದೆ. ಸಂಜೆಗೆ ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು ಮಾಡುತ್ತೇವೆ. ಪಡ್ಡಿಗೆ ಆ ಹುಳಿಯೇ ರುಚಿ.

ಇನ್ನು ಈರುಳ್ಳಿ. 2019ರ ಡಿಸೆಂಬರ್‌ನಲ್ಲಿ ಕಿಲೋ ನೂರು ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಆಗ ಈರುಳ್ಳಿ ಪಕೋಡದಲ್ಲಿ ಅರ್ಧಕ್ಕರ್ಧ ಎಲೆಕೋಸು ಸೇರಿಸಿ ಅದೇ ಹೆಸರಲ್ಲಿ, ಅದೇ ರೇಟಿಗೆ ಮಾರಿದವರಿದ್ದರು. ಎಲೆಕೋಸನ್ನು ನಾವೂ ಹಾಕಿದೆವು, ಆದರೆ ಬೋರ್ಡಿನಲ್ಲಿ ಈರುಳ್ಳಿ ಪಕೋಡ ಅಳಿಸಿ ಎಲೆಕೋಸು ಪಕೋಡ ಅಂತ ಬರೆದು ರೇಟು ಇಳಿಸಿದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಎಂಟಿಆರ್‌ನವರು ಹೇಳುತ್ತಾರೆ. ಅವರು ಅದನ್ನು ಅಕ್ಕಿ ಇಡ್ಲಿ ಅಂತ ಮಾರಲಿಲ್ಲ, ರವೆ ಇಡ್ಲಿ ಅಂತಲೇ ಕೊಟ್ಟರು. ಜನ ಇವತ್ತಿಗೂ ಕೇಳಿ ತಿನ್ನುತ್ತಾರೆ.

ಕಾಫಿಯದು ಬೇರೆ ಕಷ್ಟ. 2025ರಲ್ಲಿ ಒಂದು ಕಡೆ ಕಾಫಿಪುಡಿ ಏರಿತು, ಇನ್ನೊಂದು ಕಡೆ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಕಾಫಿಪುಡಿಗೆ ಬೆರೆಸುವ ಬೇರಿನ ಪುಡಿ ಚಿಕೋರಿ ಇದೆಯಲ್ಲ, ಅದನ್ನು ಹೆಚ್ಚಿಸಿ ಅಂತ ಪುಡಿ ಅಂಗಡಿಯವರೇ ಸಲಹೆ ಕೊಟ್ಟರು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಅಂದರೆ ಕಾಫಿ 60, ಚಿಕೋರಿ 40 ಅಂತ 60:40 ಕೊಟ್ಟರೂ ಯಾರೂ ಏನೂ ಅನ್ನುವಂತಿಲ್ಲ. ಒಮ್ಮೆ ಇಳಿಸಿದ ಪುಡಿಗೇ ಮತ್ತೆ ಬಿಸಿನೀರು ಹಾಕಿ, ಆ ಎರಡನೇ ಡಿಕಾಕ್ಷನ್ನನ್ನು ಮೊದಲನೆಯದಕ್ಕೆ ಬೆರೆಸೋದೂ ಹಳೇ ಚಾಳಿ. ನಮ್ಮದು 80:20. ಅದನ್ನು ಮುಟ್ಟಲಿಲ್ಲ, ಬೆಲೆ ಏರಿಸಿದೆ. ಗಲ್ಲಾ ಪಕ್ಕದಲ್ಲಿ ಯಾಕೆ ಏರಿಸಿದೆ ಅಂತ ಒಂದು ಚೀಟಿ ಅಂಟಿಸಿದೆ. ಒಂದು ವಾರ ಗೊಣಗಿದರು. ದಿನಾ ವಾಕಿಂಗ್ ಮುಗಿಸಿ ಬರುವ ಹಿರಿಯರ ಗುಂಪೊಂದು ಒಬ್ಬೊಬ್ಬರಿಗೆ ಒಂದೊಂದರ ಬದಲು ಬೈಟೂ ಕುಡಿಯೋಕೆ ಶುರು ಮಾಡಿತು. ಅದು ಅವರ ಉಳಿತಾಯ, ಅದಕ್ಕೆ ನಾನು ಮುಖ ಸಿಂಡರಿಸಿದರೆ ತಪ್ಪಾಗುತ್ತದೆ. ಬೈಟೂಗೆ ಎರಡು ಲೋಟ ಕೊಡುತ್ತೇವೆ, ಎರಡರಲ್ಲೂ ನೊರೆ ಇರಬೇಕು.

ಇಡ್ಲಿ ತಟ್ಟೆಗೆ ಬಟ್ಟೆ ಹಾಕೋದು ರೇಜಿಗೆಯ ಕೆಲಸ. ಒಗೆಯಬೇಕು, ಕುದಿಸಬೇಕು, ಒಣಗಿಸಬೇಕು, ಹಳತಾದರೆ ಬದಲಾಯಿಸಬೇಕು. ಪ್ಲಾಸ್ಟಿಕ್ ಹಾಳೆಗೆ ಈ ಯಾವ ತಾಪತ್ರಯವೂ ಇಲ್ಲ. ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಬಳಸಬಾರದು ಅಂತ 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ ಮೇಲೆ ಎಷ್ಟೋ ಕಡೆ ಬಟ್ಟೆ ವಾಪಸ್ ಬಂತು. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಇಡಬಾರದು ಅನ್ನೋಕೆ ಸಚಿವರೇ ಬರಬೇಕಿತ್ತಾ ಅನ್ನೋದು ಬೇರೆ ಮಾತು.

ಕೆಲಸದವರ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅವರಿಗೆ ಬೇರೆ ಅಡುಗೆ ಇಲ್ಲ. ಗಿರಾಕಿಗೆ ಹಾಕಿದ ಸಾಂಬಾರೇ ಅವರಿಗೂ. ನಿನ್ನೆಯದನ್ನು ಅವರಿಗೆ ಸಾಗಹಾಕಿದರೆ ದಿನಕ್ಕೆ ಒಂದಿಷ್ಟು ಬೇಳೆ ಉಳಿಯಬಹುದು. ತಟ್ಟೆ ತೊಳೆಯುವ ಅಕ್ಕನಿಗೆ ಬಿಸಿನೀರು, ಕೈಗವಸು ಕೊಟ್ಟಿದ್ದೇವೆ, ಹುಷಾರಿಲ್ಲ ಅಂದರೆ ಸಂಬಳ ಹಿಡಿಯಲ್ಲ. ಪುಣ್ಯಕ್ಕೆ ಅಂತ ಮಾಡಿದ್ದಲ್ಲ. ಎಂಜಲು ಬಕೆಟ್ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರೋದು ಅವರಿಗೆ. "ಅಣ್ಣ, ಇವತ್ತು ಖಾರಾಬಾತ್ ಯಾರೂ ಪೂರ್ತಿ ತಿಂತಿಲ್ಲ, ಒಂದ್ಸಲ ನೋಡಿ" ಅಂತ ಎಂಟು ಗಂಟೆಗೇ ಬಂದು ಹೇಳುತ್ತಾರೆ. ಇನ್ನೊಂದು ಪಾತ್ರೆ ಖಾರಾಬಾತ್ ಒಲೆ ಮೇಲೆ ಏರುವ ಮೊದಲೇ ವಿಷಯ ಗೊತ್ತಾಗುತ್ತದೆ. ಸಂಬಳದಲ್ಲಿ ನೂರು ರೂಪಾಯಿ ಹಿಡಿಯುವ ಯಜಮಾನನಿಗೆ ಯಾರಾದರೂ ಬಂದು ಇದನ್ನು ಹೇಳುತ್ತಾರಾ?

ಪಾರ್ಸೆಲ್‌ದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಡಬ್ಬಿ, ಕವರ್ ಖರ್ಚು ವಿಪರೀತ, ಅದಕ್ಕೆ ದುಡ್ಡು ಕೇಳಿದರೆ ಗಿರಾಕಿಗೆ ಸಿಟ್ಟು. ಹಾಗಾಗಿ ಉಲ್ಟಾ ಮಾಡಿದ್ದೇನೆ. ಮನೆಯಿಂದ ಪಾತ್ರೆ ತಂದವರಿಗೆ ಸಾಂಬಾರ್ ಒಂದು ಸೌಟು ಜಾಸ್ತಿ. ಈಗ ಒಬ್ಬರು ಅಜ್ಜಿ ಎರಡು ಇಡ್ಲಿಗೆ ಒಂದು ದೊಡ್ಡ ಹಿಡಿಕೆ ಪಾತ್ರೆ ಹಿಡಿದುಕೊಂಡು ಬರುತ್ತಾರೆ. "ಅರ್ಧನಾದ್ರೂ ತುಂಬ್ಸಪ್ಪ" ಅನ್ನುತ್ತಾರೆ. ತುಂಬಿಸುತ್ತೇವೆ. ಡಬ್ಬಿಗಿಂತ ಅದೇ ಸೋವಿ.