ಆಪರೇಷನ್‌ಗೆ ಮುಂಚಿನ 18 ದಿನ

ಮಂಡ್ಯದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಬಲಗಡೆ ಸ್ತನದ ಗಂಟು ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿದ ಮೇಲೆ ಅವರು ಆಡಿದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ. ಜೊತೆಗೆ ಬಂದಿದ್ದ ತಮ್ಮ ನನ್ನ ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದು, ಕೊನೆಯ ಹಾಳೆಯಲ್ಲಿ ಎಲ್ಲಾ ಬರೆದುಕೊಂಡ. ಅವನು ಬರೆಯದೇ ಇದ್ದಿದ್ದರೆ ಮನೆಗೆ ಬಂದು ಯಾರಿಗೆ ಏನು ಹೇಳುತ್ತಿದ್ದೆನೋ! ಡಾಕ್ಟರ್ ಹತ್ತಿರ ಒಬ್ಬರೇ ಹೋಗಬೇಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮೊದಲ ಸಲ ಬರೀ ರಿಪೋರ್ಟ್ ಹಿಡಿದು ಹೋದೆವು. ಸ್ಲೈಡು, ಬ್ಲಾಕು ಎಲ್ಲಿ ಅಂದರು. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದೇ ಬ್ಲಾಕು. ಯಾವ ಔಷಧಿ ನಾಟುತ್ತೆ ಅಂತ ತಿಳಿಯೋ ಇಆರ್, ಪಿಆರ್, ಹರ್-2 ಪರೀಕ್ಷೆಗಳನ್ನು ಅದರಿಂದಲೇ ಮಾಡೋದು. ಬಯಾಪ್ಸಿ ಮಾಡಿದ ಲ್ಯಾಬ್‌ನವರು ಅದನ್ನು ಕೊಡೋಕೆ ಮೂರು ದಿನ ಅಲೆಸಿದರು. ನೀವು ರಿಪೋರ್ಟ್ ತಗೊಳ್ಳುವಾಗಲೇ ಕೇಳಿ ಇಸ್ಕೊಳ್ಳಿ.

ದುಡ್ಡಿನ ಭಯ ರೋಗದ ಭಯಕ್ಕಿಂತ ಜಾಸ್ತಿ ಇತ್ತು. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಆಸ್ಪತ್ರೆಯಿಂದ ರೈಲ್ವೆ ಫಾರಂಗೆ ಸಹಿ ಹಾಕಿಸಿಕೊಂಡರೆ ಸೆಕೆಂಡ್ ಕ್ಲಾಸಿನಲ್ಲಿ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್ 75% ಕಡಿಮೆ.

ಆಪರೇಷನ್‌ಗೆ 18 ದಿನ ಇತ್ತು. ಕೂತರೆ ಅಳು ಬರುತ್ತಿತ್ತು, ಅದಕ್ಕೆ ಮೆಷಿನ್ ಮುಂದೆ ಕೂತೆ. ಸ್ತನ ತೆಗೆದ ಮೇಲೆ ಕಂಕುಳ ಹತ್ತಿರ ಸಣ್ಣ ಪೈಪ್ ಇಡುತ್ತಾರೆ, ಅದರ ತುದಿಯ ಡಬ್ಬಿಗೆ ಗಾಯದ ನೀರು ಇಳಿಯುತ್ತೆ. ಅದರ ಸಮೇತ ಮನೆಗೆ ಕಳಿಸಬಹುದು ಅಂತ ನರ್ಸಮ್ಮ ಹೇಳಿದರು. ಒಂದು ಖಾಲಿ ಡಬ್ಬಿ ತೋರಿಸಿ ಅಂತ ಕೇಳಿ ಟೇಪಿನಲ್ಲಿ ಅಳತೆ ತಗೊಂಡೆ. ಅಮ್ಮನ ಹಳೇ ಕಾಟನ್ ಸೀರೆ ಹರಿದು ಮುಂದೆ ಗುಂಡಿ ಇರೋ ಮೂರು ನೈಟಿ ಹೊಲಿದೆ, ಕೈ ಮೇಲೆತ್ತದೆ ಹಾಕ್ಕೊಳ್ಳೋ ಹಾಗೆ. ಒಳಗಡೆ ಸೊಂಟದ ಹತ್ತಿರ ಡಬ್ಬಿ ಕೂರೋ ಜೇಬು. ಸ್ನಾನಕ್ಕೆ ಹೋಗುವಾಗ ಕುತ್ತಿಗೆಗೆ ಹಾಕ್ಕೊಳ್ಳೋಕೆ ಲಾಡಿ ಇರೋ ಒಂದು ಚೀಲ. ಪೈಪ್ ಜೋತಾಡಿ ಎಳೆದರೆ ಪ್ರಾಣ ಹೋದ ಹಾಗಾಗುತ್ತೆ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಆ ಜೇಬು ನನಗೆ ಮಾತ್ರೆಯಷ್ಟೇ ಉಪಕಾರ ಮಾಡಿತು.

ನೋಡೋಕೆ ಬಂದವರೆಲ್ಲ “ಏನಾದ್ರೂ ಬೇಕಿದ್ರೆ ಹೇಳು” ಅನ್ನುತ್ತಿದ್ದರು. ಮೊದಮೊದಲು ಏನೂ ಬೇಡ ಅಂದೆ. ಒಂದು ದಿನ ಎದುರುಮನೆ ಅಕ್ಕ ಹಾಗಂದಾಗ, “ಅಕ್ಕ, ನಾನು ಆಸ್ಪತ್ರೆಯಲ್ಲಿರೋ ದಿನ ಮಗನಿಗೆ ಬೆಳಗ್ಗೆ ತಿಂಡಿ ನೀವು ಕೊಡ್ತೀರಾ?” ಅಂದುಬಿಟ್ಟೆ. ಅಕ್ಕನ ಕಣ್ಣಲ್ಲಿ ನೀರು ಬಂತು. ಆಮೇಲೆ ಅಳತೆ ಪುಸ್ತಕದಲ್ಲಿ ಒಂದೊಂದು ಕೆಲಸದ ಮುಂದೆ ಒಬ್ಬೊಬ್ಬರ ಹೆಸರು ಬರೆದೆ. ಕೀಮೋ ದಿನ ಜೊತೆಗೆ ಓರಗಿತ್ತಿ. ಅರ್ಧ ಆಗಿದ್ದ ರವಿಕೆಗಳನ್ನು ಗೆಳತಿ ಮುಗಿಸಿಕೊಟ್ಟಳು. ಒಬ್ಬರು ನಂಟರು ಮಾತ್ರ ನನ್ನ ತಟ್ಟೆ, ಲೋಟ ಬೇರೆ ಇಡಿ ಅಂದರು. ಕ್ಯಾನ್ಸರ್ ಅಂಟುರೋಗ ಅಲ್ಲವೇ ಅಲ್ಲ. ನನ್ನ ಯಜಮಾನರು ಅವತ್ತು ನನ್ನ ತಟ್ಟೆಯಲ್ಲೇ ಊಟ ಮಾಡಿದರು.

ಕೀಮೋ 21 ದಿನಕ್ಕೊಂದು. ಶುರುವಾಗೋ ಮುಂಚೆ ಹುಳುಕು ಹಲ್ಲು ತೋರಿಸಿಕೊಂಡೆ, ಕೂದಲು ಗಿಡ್ಡ ಮಾಡಿಸಿದೆ, ಒಂದು ಥರ್ಮಾಮೀಟರ್ ತಂದಿಟ್ಟೆ. ಕೀಮೋ ಆದವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗೋ ಹಾಗಿಲ್ಲ, ನಡುರಾತ್ರಿ ಆದರೂ ಆಸ್ಪತ್ರೆಗೆ ಹೋಗಲೇಬೇಕು. ಎರಡನೇ ಕೀಮೋ ಆದ ಹತ್ತನೇ ದಿನ ನನಗೆ ಹಾಗೇ ಆಯಿತು. ಬಿಳಿ ರಕ್ತಕಣ ತೀರಾ ಇಳಿದಿತ್ತು. ನಿದ್ದೆ ಬಾರದ ರಾತ್ರಿಗಳಲ್ಲಿ ಎರಡು ಸಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದ್ದೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆಪರೇಷನ್ ಆದ ಮೇಲೆ ಬಲಗೈ ಮೇಲೇಳುತ್ತಿರಲಿಲ್ಲ. ಗೋಡೆಗೆ ಎದುರು ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸೋ ವ್ಯಾಯಾಮ ಹೇಳಿಕೊಟ್ಟಿದ್ದರು. ಎಟುಕಿದಲ್ಲಿ ಬಟ್ಟೆಗೆ ಗುರುತು ಹಾಕೋ ಚಾಕಿನಲ್ಲಿ ಮಗ ಗೆರೆ ಎಳೆದು ತಾರೀಕು ಬರೆಯುತ್ತಿದ್ದ. ಮೊದಲ ಗೆರೆ ಎದೆಮಟ್ಟಕ್ಕಿತ್ತು. ಕೊನೆಯದು ದಾರದ ಡಬ್ಬ ಇಡೋ ಹಲಗೆಯ ಪಕ್ಕದಲ್ಲಿದೆ.