ಒಣಬೇಸಾಯದ ನೆಲದಲ್ಲಿ ಬೇವು, ಬನ್ನಿ, ಹುಣಸೆ ಬೆಳೆಸುವ ಬಗೆ

ಜೂನ್ 5ರ ಪರಿಸರ ದಿನಕ್ಕೇ ಸಸಿ ನೆಡಬೇಕೆಂಬ ಆತುರ ವಿಜಯಪುರ, ಬಾಗಲಕೋಟೆ ಕಡೆ ಬೇಡ. ಆಗಿನ್ನೂ ನೆಲದ ಕಾವು ಇಳಿದಿರುವುದಿಲ್ಲ. ಒಂದೆರಡು ಮಳೆ ಬಿದ್ದರೂ ಮುಂದೆ ಜುಲೈನಲ್ಲಿ ಮಳೆ ಕೈಕೊಟ್ಟು ಪಡುವಣ ಗಾಳಿ ಎದ್ದರೆ ಎಳೆ ಸಸಿ ಒಂದೇ ವಾರದಲ್ಲಿ ಬಾಡುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಆದ್ದರಿಂದ ದಿನಾಂಕ ಬಿಟ್ಟು ಹದ ನೋಡಿ: ಸಲಿಕೆ ಹಾಕಿದರೆ ಒಂದು ಅಡಿ ಆಳದವರೆಗೂ ಮಣ್ಣು ಹಸಿಯಾಗಿರಬೇಕು. ಆರಿದ್ರಾ ಮಳೆಗೆ (ಜೂನ್ ಕೊನೆ) ಆ ಹದ ಸಿಕ್ಕರೆ ಆಗಲೇ ನೆಡಿ, ಸಿಗದಿದ್ದರೆ ಹುಬ್ಬಾ ಮಳೆಯವರೆಗೂ (ಸೆಪ್ಟೆಂಬರ್ ಮೊದಲು) ಕಾಯಿರಿ.

ತಗ್ಗು ಮಾತ್ರ ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ ಸಾಕು. ಮೇಲಿನ ಒಂದು ಅಡಿ ಮಣ್ಣನ್ನು ಒಂದು ಕಡೆ, ಅಡಿಯ ಮಣ್ಣನ್ನು ಇನ್ನೊಂದು ಕಡೆ ಹಾಕಿ. ತಳದಲ್ಲಿ ಬಿಳಿ ಸುಣ್ಣಕಲ್ಲಿನ ಪದರ ಸಿಕ್ಕರೆ ಹಾರೆಯಿಂದ ಒಡೆಯಲೇಬೇಕು. ಹಾಗೇ ಬಿಟ್ಟರೆ ತಾಯಿಬೇರು ಅಲ್ಲಿಗೆ ನಿಂತು ಪಕ್ಕಕ್ಕೆ ತಿರುಗುತ್ತದೆ, ಗಿಡ ಎರಡನೇ ಬೇಸಿಗೆಯಲ್ಲಿ ಒಣಗುತ್ತದೆ. ಮೇಲ್ಮಣ್ಣಿಗೆ 10 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, 250 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಒರಲೆಗೆ (ಗೆದ್ದಲಿಗೆ) ನೀವೇ ಊಟ ಇಟ್ಟಂತೆ.

ಇಲ್ಲಿಂದ ಮುಂದೆ ಮಸಾರಿಗೂ (ಕೆಂಪು ಮಣ್ಣು) ಎರಿಗೂ (ಕಪ್ಪು ಮಣ್ಣು) ದಾರಿ ಬೇರೆ. ಬಾದಾಮಿ, ಹುನಗುಂದ ಕಡೆಯ ಮಸಾರಿ, ಗರಸು ನೆಲದಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿ ಸಸಿಯ ಸುತ್ತ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾಗಿ ಮಡಿ ಮಾಡಿ. ಎರಿಯಲ್ಲಿ ಹಾಗೆ ಮಾಡಿದರೆ ಸೆಪ್ಟೆಂಬರ್ ಮಳೆಗೆ ತಗ್ಗೇ ಬಾವಿಯಾಗಿ ಬೇರು ಕೊಳೆಯುತ್ತದೆ. ಅಲ್ಲಿ ಸಸಿಯನ್ನು ನೆಲಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ ಕೂರಿಸಿ. ಎರಿಗೆ ಇನ್ನೊಂದು ಕಾಟವಿದೆ: ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ, ಬಿರುಕಿನೊಳಗೆ ಬಿಸಿಗಾಳಿ ಇಳಿಯುತ್ತದೆ. ಮಳೆ ನಿಂತ ಮೇಲೆ ಸುತ್ತ ಮೂರು ಅಡಿ ಕುರ್ಚಿಗಿಯಿಂದ ಕೆದರಿ ಮೇಲ್ಮಣ್ಣು ಸಡಿಲವಾಗಿಡಿ, ಬಿರುಕು ಕಂಡರೆ ಪುಡಿಮಣ್ಣಿನಿಂದ ಮುಚ್ಚಿ.

ಯಾವ ಗಿಡ? ಎರಿಗೆ ಬನ್ನಿ, ಕರಿಜಾಲಿ, ಬೇವು. ಮಸಾರಿಗೆ ಹುಣಸೆ, ಬೇವು. ಕಲ್ಲುಗುಡ್ಡಕ್ಕೆ ಕಮರ ಎಂಬ ಕಾಡುಮರ. ಕಾಲುವೆ ನೀರು ನಿಂತು ಜವಳಾದ ಭೂಮಿಯಲ್ಲಿ ಕರಿಜಾಲಿ, ಹೊಂಗೆ ತಡೆದುಕೊಳ್ಳುತ್ತವೆ. ಬೇವಿನ ಬೀಜ ಎರಡು ಮೂರು ವಾರದಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಹಣ್ಣು ಬಿದ್ದ ಕೂಡಲೇ ತಿರುಳು ತೊಳೆದು ಊರಿ. ಜಾಲಿ ಬೀಜದ ಸಿಪ್ಪೆ ಗಟ್ಟಿ, ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಕಮರವನ್ನು ಜಾಗದಲ್ಲೇ ಬೀಜ ಹಾಕಿ ಬೆಳೆಸುವುದು ಲೇಸು. ಮೊದಲ ವರ್ಷಗಳಲ್ಲಿ ಅದರ ಮೇಲಿನ ಚಿಗುರು ಒಣಗಿದರೂ ಒಳಗೆ ಬೇರು ಇಳಿಯುತ್ತಿರುತ್ತದೆ. ಸತ್ತಿತೆಂದು ಕಿತ್ತು ಹಾಕಬೇಡಿ.

ನರ್ಸರಿಯಲ್ಲಿ ಎತ್ತರದ ಸಸಿಗೆ ಮನಸೋಲಬೇಡಿ. ಒಂದೂವರೆಯಿಂದ ಎರಡು ಅಡಿಯ, ದಪ್ಪ ಕಾಂಡದ ಸಸಿಯೇ ಚೆನ್ನ. ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ತಳದಲ್ಲಿ ಬೇರು ಸಿಂಬಿಯಂತೆ ಸುತ್ತಿಕೊಂಡಿದ್ದರೆ ಆ ಸುತ್ತನ್ನು ಕತ್ತರಿಸಿ. ಚೀಲದಲ್ಲಿ ಕಾಂಡ ಎಲ್ಲಿಯವರೆಗೆ ಮಣ್ಣಿನಲ್ಲಿತ್ತೋ ಅಷ್ಟೇ ಹೂಳಿ, ಸುತ್ತ ಕಾಲಿನಿಂದ ತುಳಿದು ಗಟ್ಟಿ ಮಾಡಿ.

ನೀರಿನ ವಿಷಯದಲ್ಲೇ ಹೆಚ್ಚು ತಪ್ಪಾಗುವುದು. ದಿನವೂ ಒಂದು ಚರಿಗೆ ನೀರು ಹಾಕಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ನೀವು ನಾಲ್ಕು ದಿನ ಊರಲ್ಲಿಲ್ಲದಿದ್ದರೆ ಗಿಡ ಹೋಯಿತು. ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಮ್ಮೆ 15–20 ಲೀಟರ್ ಒಮ್ಮೆಲೇ ಕೊಡಿ. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಸಾಕು. ನೀರು ದೂರವಿದ್ದರೆ ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಎಂಟು ಹತ್ತು ಲೀಟರಿನ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೂ ಹೂಳಿ, ನೀರು ತುಂಬಿ ಮುಚ್ಚಳ ಹಾಕಿ. ಬಣ್ಣ ಬಳಿದ ಗಡಿಗೆ ಜಿನುಗುವುದಿಲ್ಲ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಜಿನುಗುವುದು ನಿಂತರೆ ಗಡಿಗೆ ಬದಲಿಸಿ.

ಬುಡಕ್ಕೆ ಮೂರು ನಾಲ್ಕು ಇಂಚು ಕಬ್ಬಿನ ರವದಿ (ಒಣಗರಿ) ಅಥವಾ ತೊಗರಿ ಹೊಟ್ಟು ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತಾಗಿದರೆ ಒರಲೆ ಅಲ್ಲಿಂದಲೇ ಹತ್ತುತ್ತದೆ. ಆಡುಗಳಿಗೆ ಜಾಲಿಮುಳ್ಳಿನ ಬೇಲಿ ಬೇಕೇ ಬೇಕು, ಬೇವನ್ನೂ ಅವು ಬಿಡುವುದಿಲ್ಲ. ಹೊಲದಲ್ಲಿ ಕೂಳೆ, ಬದುವಿನ ಹುಲ್ಲು ಸುಡುವವರಿದ್ದರೆ ಬೇಲಿಯ ಹೊರಗೆ ಮೂರು ಅಡಿ ಹುಲ್ಲು ಕೆತ್ತಿ ತೆಗೆಯಿರಿ. ದಸರೆಗೆ ಬನ್ನಿ ಕೊಡಲು ಎಳೆ ಗಿಡದ ಟೊಂಗೆ ಮುರಿಯುವವರಿಗೆ ದಯವಿಟ್ಟು ದೊಡ್ಡ ಮರ ತೋರಿಸಿ.

ಎಲೆ ಉದುರಿದ ಗಿಡ ಸತ್ತಿದೆಯೆಂದು ಅನುಮಾನ ಬಂದರೆ ಉಗುರಿನಿಂದ ತೊಗಟೆ ಕೆರೆಯಿರಿ, ಒಳಗೆ ಹಸಿರಿದ್ದರೆ ನೀರು ಮುಂದುವರಿಸಿ. ನಿಜಕ್ಕೂ ಸತ್ತಿದ್ದರೆ ಬೇರುಸಮೇತ ಅಗೆದು ನೋಡಿ. ಬೇರು ಕಪ್ಪಾಗಿ ವಾಸನೆ ಬಂದರೆ ತಗ್ಗಿನಲ್ಲಿ ನೀರು ನಿಂತಿತ್ತು. ಸಿಂಬಿ ಸುತ್ತಿದ್ದರೆ ಚೀಲದ ದೋಷ. ತೊಗಟೆ ತಿಂದು ಮಣ್ಣು ಮೆತ್ತಿದ್ದರೆ ಒರಲೆ. ಉಳಿದದ್ದೆಲ್ಲ ಸರಿಯಿದ್ದು ಬೇರು ಬರೀ ಗೇಣುದ್ದ ಇಳಿದಿದ್ದರೆ ನೀರು ಮೇಲಿಂದ ಮೇಲೆ ಕೊಟ್ಟದ್ದು. ಅದನ್ನು ಸರಿಪಡಿಸಿಕೊಂಡು ಮುಂದಿನ ಮಳೆಗೆ ಅದೇ ತಗ್ಗಿನಲ್ಲಿ ಮತ್ತೆ ನೆಡಿ.